ಕೆಪಾಸಿಟರ್ ಒಂದೇ ಸಾಲದು
ಪುಣೆ ಬಳಿಯ ಚಾಕಣದಲ್ಲಿ ಕಾರ್ಖಾನೆಗಳ ವಿದ್ಯುತ್ ಗುಣಮಟ್ಟ ಪರೀಕ್ಷಿಸುವುದು ನನ್ನ ಕೆಲಸ. ಮಹಾರಾಷ್ಟ್ರದಲ್ಲಿ 2020ರ ಏಪ್ರಿಲ್‌ನಿಂದ ಎಚ್‌ಟಿ ಗ್ರಾಹಕರಿಗೆ ಕೆವಿಎಎಚ್ ಲೆಕ್ಕದಲ್ಲಿ ಬಿಲ್ ಬರುತ್ತಿದೆ. ಪವರ್ ಫ್ಯಾಕ್ಟರ್ ಕುಸಿದರೆ ಬಿಲ್ ಏರುತ್ತದೆ. ಅದಕ್ಕಾಗಿ ಕೆಪಾಸಿಟರ್ ಕೂರಿಸುತ್ತಾರೆ.

ಆದರೆ ಮೋಟಾರ್ ವೇಗ ನಿಯಂತ್ರಿಸುವ ಡ್ರೈವ್‌ಗಳು 50 ಹರ್ಟ್ಜ್ ಜೊತೆಗೆ 250, 350 ಹರ್ಟ್ಜ್‌ನ ಹಾರ್ಮೋನಿಕ್ ಕರೆಂಟನ್ನೂ ಎಳೆಯುತ್ತವೆ. ಕೆಪಾಸಿಟರ್ ಇದನ್ನು ತಡೆಯದು. ಅನುರಣನವಾದರೆ ಹೆಚ್ಚಿಸಿ, ತಾನೇ ಸುಡಬಹುದು. ಆ್ಯಕ್ಟಿವ್ ಫಿಲ್ಟರ್ ಕರೆಂಟನ್ನು ಕ್ಷಣಕ್ಷಣಕ್ಕೂ ಅಳೆದು, ವಿರುದ್ಧ ಹಾರ್ಮೋನಿಕ್ ಹರಿಸಿ ಅದನ್ನು ಅಳಿಸುತ್ತದೆ. ಆದರೆ ದುಬಾರಿ.

ಸಣ್ಣ ಉದ್ಯಮಿ ಹಾಕದಿದ್ದರೆ ಅದೇ ಫೀಡರ್‌ನ ನೆರೆಯವರ ಮೋಟಾರೂ ಬಿಸಿಯಾಗಬಹುದು. ಹಾನಿ ಎಲ್ಲರದಾದಾಗ ಖರ್ಚು ಒಬ್ಬನದೇ ಏಕೆ? ಬಿಲ್‌ನಲ್ಲಿ ಹಾರ್ಮೋನಿಕ್ ಅಳತೆಯೂ ಕಾಣಲಿ, ಫಿಲ್ಟರ್‌ಗೆ ಸಹಾಯಧನವೂ ಸಿಗಲಿ.