ಕಿರುತೆರೆಯಲ್ಲಿ ಕಂಡ ಊರು

ಶ್ರೀರಂಗಪಟ್ಟಣದಿಂದಲೋ ಪಾಂಡವಪುರದಿಂದಲೋ ಹೊರಟು ಇಪ್ಪತ್ತು ಮೂವತ್ತು ವರ್ಷ ಪರದೇಶದಲ್ಲಿ ನೆಲಸಿದವರು ಕನ್ನಡ ದೂರದರ್ಶನವನ್ನು ಮತ್ತೆ ನೋಡತೊಡಗಿದಾಗ, ಮಳೆಗಾಲವಾದರೆ, ಅವರ ಕಣ್ಣು ಮೊದಲು ಅರಸುವುದು ಕನ್ನಂಬಾಡಿಯ ನೀರಿನ ಮಟ್ಟವನ್ನು. ಸುದ್ದಿವಾಹಿನಿಗಳ ಅಂಚಿನಲ್ಲಿ ಹರಿಯುವ ಆ ಅಂಕಿ 124.80 ಅಡಿಯನ್ನು ಮುಟ್ಟಿತೆಂದರೆ ವಿಶ್ವೇಶ್ವರಯ್ಯ ನಾಲೆಯ ಬಯಲಿಗೆ ಭತ್ತ ಕಬ್ಬುಗಳ ಭರವಸೆ ದೊರೆತಂತೆ. ಸಾವಿರಾರು ಮೈಲಿಯಾಚೆ ಕುಳಿತವರಿಗೂ ಅದು ಮನೆಯ ಸಮಾಚಾರವೇ ಸರಿ.

ಇವರಲ್ಲಿ ಹಿರಿಯರು ಬಿಟ್ಟುಹೋದ ದೂರದರ್ಶನ ಬೇರೆ. ಕನ್ನಡಕ್ಕೆ ಅದು ಬಂದದ್ದು ಹಳ್ಳಿಯ ಮಾರ್ಗವಾಗಿ ಎಂಬುದನ್ನು ನಾವು ಮರೆತಿದ್ದೇವೆ. 1975ರ ಆಗಸ್ಟ್‌ನಿಂದ ಒಂದು ವರ್ಷಕಾಲ ಅಮೆರಿಕದ ಉಪಗ್ರಹವೊಂದರ ನೆರವಿನಿಂದ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಕಾರ್ಯಕ್ರಮಗಳು ತಲುಪಿದುವು. ಬಿಜಾಪುರ, ಗುಲ್ಬರ್ಗ, ರಾಯಚೂರು ಸೀಮೆಯ ಹಳ್ಳಿಗಳು ಅವುಗಳಲ್ಲಿ ಸೇರಿದ್ದುವು. ಬೆಂಗಳೂರಿನ ಕೇಂದ್ರ ಆರಂಭವಾದದ್ದು 1981ರಲ್ಲಿ, ಉದಯ ವಾಹಿನಿ 1994ರಲ್ಲಿ. ಈ ನಡುವಣ ಕಾಲದಲ್ಲಿ ದೊರೆಯುತ್ತಿದ್ದುದು ಸಂಜೆಯ ಕೆಲವು ಗಂಟೆಗಳ ಕನ್ನಡ. ಉಳಿದದ್ದು ದೆಹಲಿಯ ಹಿಂದಿ.

ಟಿಪ್ಪುವಿನ ಕಥೆಯನ್ನು ಹೇಳಿದ ‘ದಿ ಸ್ವೋರ್ಡ್ ಆಫ್ ಟಿಪ್ಪು ಸುಲ್ತಾನ್’ ಧಾರಾವಾಹಿಯನ್ನು 1990ರ ಸುಮಾರಿನಲ್ಲಿ ಶ್ರೀರಂಗಪಟ್ಟಣದವರೇ ಹಿಂದಿಯಲ್ಲಿ ನೋಡಬೇಕಾಯಿತು. ಅದರ ಚಿತ್ರೀಕರಣದ ವೇಳೆ, 1989ರ ಫೆಬ್ರವರಿ 8ರಂದು, ಮೈಸೂರಿನ ಪ್ರೀಮಿಯರ್ ಸ್ಟುಡಿಯೋದಲ್ಲಿ ಬೆಂಕಿ ಬಿದ್ದು 60ಕ್ಕೂ ಹೆಚ್ಚು ಮಂದಿ ಸತ್ತರು. ಶೋಕ ನಮ್ಮ ಸೀಮೆಯದು, ಭಾಷೆ ಮಾತ್ರ ನಮ್ಮದಾಗಿರಲಿಲ್ಲ. ದಶಕಗಳ ಕಾಲ ಡಬ್ಬಿಂಗಿಗೆ ಇದ್ದ ತಡೆ ಕಲಾವಿದರ ಅನ್ನವನ್ನು ಕಾಯಿತೆಂಬುದು ನಿಜ. ಆದರೆ ಹಿಂದಿಯರಿಯದ ಹಳ್ಳಿಯವರು ಅದಕ್ಕೆ ತೆತ್ತ ಬೆಲೆಯನ್ನು ಯಾರೂ ಲೆಕ್ಕವಿಡಲಿಲ್ಲ. 2015ರಲ್ಲಿ ಸ್ಪರ್ಧಾ ಆಯೋಗವು ಆ ತಡೆಯ ವಿರುದ್ಧ ಆದೇಶವಿತ್ತ ಮೇಲೆ, 2020ರ ಲಾಕ್‌ಡೌನ್ ಕಾಲದಲ್ಲಿ, ಹಿಂದಿಯ ಮಹಾಭಾರತ ಕನ್ನಡದಲ್ಲಿ ಮಾತನಾಡಿತು.

ಹೀಗೆ ಈಗ ಕನ್ನಡಕ್ಕೆ ಬರವಿಲ್ಲ. 2002ರಲ್ಲಿ ಚಂದನದಲ್ಲಿ ಮೊದಲಾದ ‘ಥಟ್ ಅಂತ ಹೇಳಿ’ ಸರಿಯುತ್ತರಕ್ಕೆ ಪುಸ್ತಕವನ್ನೇ ಬಹುಮಾನವಾಗಿ ಕೊಡುವ ಕಾರ್ಯಕ್ರಮ; ಅದನ್ನು ಹೊರದೇಶದವರೂ ಯೂಟ್ಯೂಬಿನಲ್ಲಿ ನೋಡಬಹುದು. ಪ್ರಶ್ನೆಯಿರುವುದು ಯಾವ ಕನ್ನಡ ಎಂಬುದರಲ್ಲಿ. ನಮ್ಮ ಧಾರಾವಾಹಿಗಳಲ್ಲಿ ನಾಯಕ ನಾಯಕಿಯರು ಬಹುಮಟ್ಟಿಗೆ ಬೆಂಗಳೂರಿನ ಇಂಗ್ಲಿಷ್ ಬೆರೆತ ನುಡಿಯನ್ನಾಡುತ್ತಾರೆ. ಮಂಡ್ಯದ ಮಾತು ಆಳಿಗೆ, ಪುಂಡನಿಗೆ, ನಗಿಸುವವನಿಗೆ ಮೀಸಲು. ಹೊರನಾಡಿನಲ್ಲಿ ಬೆಳೆದ ಮಗು ಈ ತೆರೆಯಿಂದಲೇ ಕನ್ನಡ ಕಲಿತು ರಜೆಗೆ ಕೃಷ್ಣರಾಜಪೇಟೆಗೆ ಬಂದಾಗ, ಅಜ್ಜಿ ಅಕ್ಕರೆಯಿಂದ “ಯಾಕ್ಲಾ ಮಗ, ಉಂಡ್ಯಾ?” ಎಂದರೆ ಅದು ನಕ್ಕುಬಿಡುತ್ತದೆ. ಆ ನಗು ಕಲಿಸಿದ್ದು. ಅಜ್ಜಿ ಮಾತ್ರ ತನ್ನ ಮಾತಿನಲ್ಲಿ ನಗುವಂಥದೇನಿತ್ತೆಂದು ತಿಳಿಯದೆ ಸುಮ್ಮನಾಗುತ್ತಾಳೆ.

ಕಿಕ್ಕೇರಿಯ ಕೆ. ಎಸ್. ನರಸಿಂಹಸ್ವಾಮಿ, ಮೇಲುಕೋಟೆಯ ಪು.ತಿ.ನ., ಬೆಳ್ಳೂರಿನ ಬಿ. ಎಂ. ಶ್ರೀಕಂಠಯ್ಯ ಇವರೆಲ್ಲ ಈ ಸೀಮೆಯವರೇ. ಅಕ್ಕಿಹೆಬ್ಬಾಳಿನ ಎ. ಎನ್. ಮೂರ್ತಿರಾಯರು ಮುಪ್ಪಿನಲ್ಲಿ ಅಮೆರಿಕವನ್ನು ನೋಡಿ ಬಂದು ಪ್ರವಾಸಕಥನವನ್ನೇ ಬರೆದರು. ಅವರು ಬರೆದದ್ದು ಶಿಷ್ಟಕನ್ನಡವೆಂದು ಯಾರಾದರೂ ಆಕ್ಷೇಪಿಸಿದರೆ ಒಪ್ಪೋಣ. ಆದರೂ ಅವರಾರೂ ನೆರೆಯ ಒಕ್ಕಲಿನ ಮಾತನ್ನು ನಗೆಯ ಸರಕಾಗಿ ಮಾರಲಿಲ್ಲ.

ಇನ್ನು ಸುದ್ದಿಯ ಮಾತು. ಕ್ಯಾಮರಾ ಈ ಕಡೆ ಬರುವುದಿಲ್ಲವೆಂದಲ್ಲ. 2016ರಲ್ಲಿ, 2023ರಲ್ಲಿ ಕಾವೇರಿಗಾಗಿ ಬಂತು. 2019ರಲ್ಲಿ ಲೋಕಸಭಾ ಚುನಾವಣೆಗಾಗಿ ವಾರಗಟ್ಟಲೆ ಬೀಡುಬಿಟ್ಟಿತು. 2024ರ ಸೆಪ್ಟೆಂಬರಿನಲ್ಲಿ ಗಣೇಶನ ಮೆರವಣಿಗೆಯ ವೇಳೆ ಗಲಭೆಯಾದಾಗ ನಾಗಮಂಗಲವನ್ನೂ ಕಂಡಿತು. ಹೊರನಾಡಿನಲ್ಲಿರುವ ನಾಗಮಂಗಲದವರು ತಮ್ಮೂರಿನ ಬೀದಿಯನ್ನು ತೆರೆಯ ಮೇಲೆ ಕಂಡದ್ದು ಸುಟ್ಟ ಅಂಗಡಿಗಳ ರೂಪದಲ್ಲಿ. ಆ ತಾಲ್ಲೂಕಿನ ರಾಗಿಹೊಲ, ತೆಂಗಿನ ತೋಟಗಳಿಗೆ ಬೇಕಾದ ಮಳೆ ಬಂತೋ ಇಲ್ಲವೋ ಎಂಬುದು ಯಾವ ವಾಹಿನಿಯ ಅಂಚಿನಲ್ಲಿಯೂ ಹರಿಯುವುದಿಲ್ಲ. ಅಲ್ಲಿನ ಕೆರೆ ತುಂಬಿತೇ ಎಂದು ತಿಳಿಯಬೇಕಾದವರು ಇಂದಿಗೂ ಮನೆಗೆ ಫೋನ್ ಮಾಡಿಯೇ ಕೇಳಬೇಕು.