ಚಾರಣದ ಹಾದಿ ಉಳಿಸಲು ಕಸ ಹೆಕ್ಕಿದರೆ ಸಾಕೇ? ಸ್ವಯಂಸೇವಕರು ತಿಳಿದಿರಬೇಕಾದ ಸಂಗತಿಗಳು

ಮಳೆ ಕಡಿಮೆಯಾಗುತ್ತಿದ್ದಂತೆ ಉಡುಪಿ, ಮಣಿಪಾಲ, ಕಾರ್ಕಳದ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಚಾರಣದ ಸಂದೇಶಗಳು ಓಡಾಡತೊಡಗುತ್ತವೆ. ಅವುಗಳ ಜೊತೆಗೆ ‘ಹಾದಿ ಸರಿಪಡಿಸೋಣ, ಬನ್ನಿ’ ಎಂಬ ಕರೆಯೂ ಬಂದರೆ ಹೋಗಬೇಕೆನಿಸುವುದು ಸಹಜ. ಆದರೆ ಕತ್ತಿ ಹಿಡಿದು ಪೊದೆ ಸವರುವುದು, ಬೀಜದುಂಡೆ ಎಸೆಯುವುದು, ಹೊಸ ಒಳದಾರಿ ಮಾಡುವುದು ಸೇವೆಯಂತೆ ಕಂಡರೂ ಕಾಡಿಗೆ ಹಾನಿ ಮಾಡಬಲ್ಲವು.

ದಾರಿ ಹಾಳಾಗುವುದು ಯಾವುದರಿಂದ?

ಕಾಪು ಕಡಲತೀರದಲ್ಲಿ ಕಸ ಹೆಕ್ಕಿದರೆ ಅಂದಿನ ಕೆಲಸ ಬಹುಪಾಲು ಮುಗಿದಂತೆ. ಘಟ್ಟದ ಕಾಲುದಾರಿಗೆ ಕಸಕ್ಕಿಂತ ದೊಡ್ಡ ಶತ್ರು ನೀರು. ಉಡುಪಿ ಜಿಲ್ಲೆಯಲ್ಲಿ ವರ್ಷಕ್ಕೆ 4,000 ಮಿಲಿಮೀಟರ್ ಆಸುಪಾಸು ಮಳೆ ಬೀಳುತ್ತದೆ. ಅದರ ಹೆಚ್ಚಿನ ಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕೇ ತಿಂಗಳಲ್ಲಿ. ನೂರಾರು ಕಾಲುಗಳು ತುಳಿದ ನೆಲ ಗಟ್ಟಿಯಾಗಿ ನೀರನ್ನು ಹೀರುವುದಿಲ್ಲ. ಆಗ ದಾರಿಯೇ ತೋಡಾಗುತ್ತದೆ. ನೀರು ಮಣ್ಣನ್ನು ಕೊಚ್ಚಿಕೊಂಡು ಹೋಗಿ ಕಲ್ಲು, ಬೇರು ಮೇಲೇಳುತ್ತವೆ.

ಕೆಸರು ತಪ್ಪಿಸಲು ಚಾರಣಿಗರು ಪಕ್ಕದ ಹುಲ್ಲಿನ ಮೇಲೆ ನಡೆಯುತ್ತಾರೆ. ಆ ಹುಲ್ಲೂ ಸಾಯುತ್ತದೆ, ದಾರಿ ಅಗಲವಾಗುತ್ತದೆ. ತಿರುವುಗಳನ್ನು ಬಿಟ್ಟು ನೇರವಾಗಿ ಇಳಿಯುವವರು ಮಾಡಿದ ಒಳದಾರಿಯಲ್ಲಿ ನೀರು ಇನ್ನೂ ವೇಗವಾಗಿ ಹರಿಯುತ್ತದೆ. ಕೆಲವೇ ಮಳೆಗಾಲಗಳಲ್ಲಿ ಅಲ್ಲಿ ಕೊರಕಲು ಬೀಳುತ್ತದೆ.

ಹಾಗಾದರೆ ಸರಿಯಾದ ಕೆಲಸ ಯಾವುದು?

ಅಡಿಕೆ ತೋಟದಲ್ಲಿ ಕಣಿ ತೆಗೆಯುವವರಿಗೆ ಇದು ಹೊಸದಲ್ಲ. ನೀರನ್ನು ತಡೆಯುವುದಲ್ಲ, ಬೇಗ ಪಕ್ಕಕ್ಕೆ ಹರಿಯಬಿಡುವುದು ಮುಖ್ಯ. ದಾರಿಗೆ ಅಡ್ಡಲಾಗಿ, ಸ್ವಲ್ಪ ಓರೆಯಾಗಿ ಕಲ್ಲು ಅಥವಾ ಮರದ ತುಂಡನ್ನು ಹೂತರೆ ನೀರು ಅಲ್ಲಿಂದ ಇಳಿಜಾರಿನ ಕಡೆಗೆ ಹೊರಳುತ್ತದೆ. ಇವುಗಳ ಬಾಯಿಗೆ ತುಂಬಿದ ಮಣ್ಣು ಮತ್ತು ಎಲೆಗಳನ್ನು ಮಳೆಗೆ ಮುನ್ನ ತೆಗೆಯಬೇಕು. ಒಳದಾರಿಗಳ ಬಾಯಿಯನ್ನು ಒಣ ಕೊಂಬೆಗಳಿಂದ ಮುಚ್ಚಿದರೆ ಜನ ಮೂಲ ದಾರಿಗೇ ಮರಳುತ್ತಾರೆ, ಹುಲ್ಲು ಮತ್ತೆ ಚಿಗುರುತ್ತದೆ.

ಇದು ಒಂದು ದಿನದ ಕೆಲಸವಲ್ಲ. ಅಮೆರಿಕದಲ್ಲಿ ಸುಮಾರು 3,500 ಕಿಲೋಮೀಟರ್ ಉದ್ದದ ಅಪಲೇಶಿಯನ್ ಚಾರಣ ಹಾದಿ 1937ರಲ್ಲಿ ಪೂರ್ಣಗೊಂಡಿತು. ಸುಮಾರು 30 ಸ್ಥಳೀಯ ಕ್ಲಬ್‌ಗಳ ಸ್ವಯಂಸೇವಕರು ಅದನ್ನು ನೋಡಿಕೊಳ್ಳುತ್ತಾರೆ. ಪ್ರತಿ ಕ್ಲಬ್‌ಗೂ ತನ್ನದೇ ಪಾಲಿನ ದಾರಿಯಿದೆ, ಅದೇ ಜಾಗಕ್ಕೆ ಮತ್ತೆ ಮತ್ತೆ ಹೋಗುತ್ತಾರೆ.

ಬೀಜದುಂಡೆ ಎಸೆದರೆ ಒಳ್ಳೆಯದಲ್ಲವೇ?

ಎಲ್ಲ ಕಡೆ ಅಲ್ಲ. ಕುದುರೆಮುಖದ ಬೋಳು ಬೆಟ್ಟಗಳನ್ನು ಕಂಡು ‘ಮರ ಕಡಿದಿದ್ದಾರೆ’ ಎಂದುಕೊಳ್ಳುವವರಿದ್ದಾರೆ. ಅದು ತಪ್ಪು. ನೆತ್ತಿಯಲ್ಲಿ ಹುಲ್ಲು, ಕಣಿವೆಯಲ್ಲಿ ಶೋಲಾ ಕಾಡು, ಇದೇ ಅಲ್ಲಿನ ಸಹಜ ರೂಪ. ತುಂಗಾ, ಭದ್ರಾ, ನೇತ್ರಾವತಿ ಹುಟ್ಟುವುದು ಇದೇ ಬೆಟ್ಟಸಾಲಿನಲ್ಲಿ. ಹೊರಗಿನ ಗಿಡಗಳು ಅಲ್ಲಿ ಬೇರೂರಿದರೆ ಹುಲ್ಲುಗಾವಲು ಕುಗ್ಗುತ್ತದೆ.

‘ಹಣ್ಣಿನ ಸಿಪ್ಪೆ ಕೊಳೆಯುತ್ತದೆ, ಎಸೆಯಬಹುದು’ ಎಂಬುದೂ ಅರ್ಧ ಸತ್ಯ. ಕಿತ್ತಳೆ ಸಿಪ್ಪೆ ಕೊಳೆಯಲು ತಿಂಗಳುಗಳೇ ಬೇಕಾಗಬಹುದು. ಅಷ್ಟರಲ್ಲಿ ಮಂಗಗಳು ಚಾರಣಿಗರ ಚೀಲದಲ್ಲಿ ತಿಂಡಿ ಹುಡುಕುವುದನ್ನು ಕಲಿತಿರುತ್ತವೆ.

ಅನುಮತಿ ಬೇಕೇ?

ಬೇಕು. ಕುದುರೆಮುಖ ರಾಷ್ಟ್ರೀಯ ಉದ್ಯಾನ, ಸೋಮೇಶ್ವರ ಮತ್ತು ಮೂಕಾಂಬಿಕಾ ವನ್ಯಜೀವಿಧಾಮಗಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಅನ್ವಯಿಸುತ್ತದೆ. ಅಲ್ಲಿ ಅನುಮತಿಯಿಲ್ಲದೆ ಒಳಹೋಗುವಂತಿಲ್ಲ, ಗಿಡ ಕಡಿಯುವಂತಿಲ್ಲ. ‘ಸಮಾಜಸೇವೆ’ ಎಂದರೂ ವಿನಾಯಿತಿ ಇಲ್ಲ. ಆದ್ದರಿಂದ ಕ್ಲಬ್‌ನವರು ಮೊದಲು ವಲಯ ಅರಣ್ಯಾಧಿಕಾರಿಯನ್ನು ಕಂಡು, ಯಾವ ದಾರಿಯಲ್ಲಿ ಏನು ಮಾಡಬಹುದು ಎಂದು ಕೇಳಬೇಕು.

ಜನಸಂಖ್ಯೆಯೂ ಮುಖ್ಯ. 2024ರ ಜನವರಿ ಕೊನೆಯಲ್ಲಿ ಕುಮಾರ ಪರ್ವತಕ್ಕೆ ಸಾವಿರಾರು ಮಂದಿ ಒಮ್ಮೆಲೇ ಬಂದರು. ಅದಾದ ಮೇಲೆ ರಾಜ್ಯದಲ್ಲಿ ಆನ್‌ಲೈನ್ ಬುಕಿಂಗ್ ಇಲ್ಲದ ಹಾದಿಗಳಲ್ಲಿ ಚಾರಣವನ್ನು ತಾತ್ಕಾಲಿಕವಾಗಿ ನಿಲ್ಲಿಸಲಾಯಿತು. ಎಷ್ಟೇ ದುರಸ್ತಿ ಮಾಡಿದರೂ ಮಿತಿಮೀರಿದ ಜನರನ್ನು ದಾರಿ ತಾಳಿಕೊಳ್ಳದು.

ಆರೋಗ್ಯಕ್ಕೆ ಅಪಾಯವಿದೆಯೇ?

ಎಚ್ಚರ ಬೇಕು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆ ಹರಡುವುದು ಉಣ್ಣೆಗಳಿಂದ. ಡಿಸೆಂಬರ್‌ನಿಂದ ಮೇವರೆಗೆ, ಅಂದರೆ ತರಗೆಲೆ ಗುಡಿಸುವ ಕಾಲದಲ್ಲೇ, ಅಪಾಯ ಹೆಚ್ಚು. ಮೈ ಮುಚ್ಚುವ ಬಟ್ಟೆ ಹಾಕಿ, ಪ್ಯಾಂಟಿನ ತುದಿಯನ್ನು ಕಾಲುಚೀಲದೊಳಗೆ ಸೇರಿಸಿ. ಮನೆಗೆ ಬಂದ ಕೂಡಲೇ ಮೈ ಪರೀಕ್ಷಿಸಿ ಬಿಸಿನೀರಿನಲ್ಲಿ ಸ್ನಾನ ಮಾಡಿ. ಸತ್ತ ಮಂಗ ಕಂಡರೆ ಮುಟ್ಟದೆ ಆರೋಗ್ಯ ಇಲಾಖೆಗೆ ತಿಳಿಸಿ. ಮಳೆಗಾಲದ ಕೆಸರಿನಲ್ಲಿ ಇಲಿ ಜ್ವರದ ಭಯವಿದೆ. ಕೈಕಾಲಲ್ಲಿ ಗಾಯವಿದ್ದರೆ ಕೈಗವಸು, ಬೂಟು ಬೇಕೇಬೇಕು. ಕೆಲಸಕ್ಕೆ ಹೋಗಿಬಂದ ಕೆಲವು ದಿನಗಳಲ್ಲಿ ಜ್ವರ ಬಂದರೆ ಕಾಡಿಗೆ ಹೋಗಿದ್ದನ್ನು ವೈದ್ಯರಿಗೆ ಹೇಳಲು ಮರೆಯಬೇಡಿ.

ಸಂದೇಶ ಮುಂದೆ ಕಳುಹಿಸುವ ಮುನ್ನ

ಹಾದಿ ಸರಿಪಡಿಸುವ ಕರೆ ಬಂದರೆ ಮೂರು ಪ್ರಶ್ನೆ ಕೇಳಿ: ಅರಣ್ಯ ಇಲಾಖೆಯ ಅನುಮತಿ ಇದೆಯೇ? ಕೆಲಸ ತಿಳಿದವರು ಜೊತೆಗಿರುತ್ತಾರೆಯೇ? ಮುಂದಿನ ವರ್ಷವೂ ಅದೇ ದಾರಿಗೆ ಹೋಗುವವರಿದ್ದಾರೆಯೇ? ಮೂರಕ್ಕೂ ಹೌದು ಎಂಬ ಉತ್ತರ ಬಂದರೆ ಧೈರ್ಯವಾಗಿ ಹೊರಡಿ, ಗೆಳೆಯರನ್ನೂ ಕರೆಯಿರಿ. ಅಲ್ಲಿಯವರೆಗೆ ಯಾರ ಅನುಮತಿಯೂ ಬೇಡದ ಒಂದು ಕೆಲಸವಿದೆ: ಕೆಸರಿದ್ದರೂ ದಾರಿ ಬಿಟ್ಟು ಪಕ್ಕಕ್ಕೆ ಇಳಿಯದಿರುವುದು.