ವಿಜಯನಗರದ ದಹನ: ವಿದ್ಯಾಸಂಸ್ಥೆಗಳ ಹೊಣೆ

ಕ್ರಿ.ಶ. 1565ರ ಜನವರಿ 23ರಂದು ರಕ್ಕಸ-ತಂಗಡಿ ಅಥವಾ ತಾಳೀಕೋಟೆಯ ಹೆಸರಿನಿಂದ ಪ್ರಸಿದ್ಧವಾದ ಯುದ್ಧದಲ್ಲಿ ಅಳಿಯ ರಾಮರಾಯನು ಮಡಿದನು. ಅವನ ತಮ್ಮ ತಿರುಮಲನು ಅರಸ ಸದಾಶಿವರಾಯನೊಡನೆ ಭಂಡಾರವನ್ನೂ ಸಾಗಿಸಿಕೊಂಡು ಪೆನುಗೊಂಡೆಯನ್ನು ಸೇರಿದನು. ರಕ್ಷಕರಿಲ್ಲದ ರಾಜಧಾನಿಯು ತಿಂಗಳುಗಟ್ಟಲೆ ಲೂಟಿಗೂ ಬೆಂಕಿಗೂ ತುತ್ತಾಯಿತು. ಇಂದು ಹಂಪೆಗೆ ಪ್ರವಾಸ ಹೋಗುವ ವಿದ್ಯಾರ್ಥಿಗಳು ಅರಮನೆಗಳಿದ್ದ ಆವರಣದಲ್ಲಿ ಕಲ್ಲಿನ ಜಗತಿಗಳನ್ನಷ್ಟೇ ಕಾಣುತ್ತಾರೆ. ಅವುಗಳ ಮೇಲಿದ್ದ ಮರದ ಕಂಬ, ತೊಲೆಗಳು ಉರಿದುಹೋದುದಕ್ಕೆ ಉತ್ಖನನದಲ್ಲಿ ದೊರೆತ ಇದ್ದಿಲು ಬೂದಿಗಳೇ ಸಾಕ್ಷಿ.

ಈ ದುರಂತವನ್ನು ಎರಡು ಮತಗಳ ಕಲಹವೆಂದು ಮಕ್ಕಳಿಗೆ ಬೋಧಿಸುವುದು ಸುಲಭ. ಆದರೆ ಅದು ಪೂರ್ಣಸತ್ಯವಲ್ಲ. ರಾಮರಾಯನ ಸೈನ್ಯದಲ್ಲಿ ಮುಸಲ್ಮಾನ ಸರದಾರರೂ ಇದ್ದರು. ಸುಲ್ತಾನರ ಪರಸ್ಪರ ವೈರಗಳಲ್ಲಿ ಅವನೂ ಪಾಲುಗೊಂಡಿದ್ದನು. ದ್ವೇಷವನ್ನು ಕಲಿಸುವುದಕ್ಕಿಂತ, ಉಳಿದುದು ಹೇಗೆ ಉಳಿಯಿತೆಂಬುದನ್ನು ಕಲಿಸುವುದು ಶ್ರೇಯಸ್ಕರ.

ಚಿತ್ರದುರ್ಗದ ಸೀಮೆಗೆ ಈ ಚರಿತ್ರೆ ಪರಕೀಯವಲ್ಲ. ಮತ್ತಿ ತಿಮ್ಮಣ್ಣನಾಯಕನು ನಾಯಕತನವನ್ನು ಪಡೆದುದು ವಿಜಯನಗರದ ಅರಸರಿಂದಲೇ. ರಾಜಧಾನಿ ಅಳಿದ ಮೇಲೆ ಅವನ ವಂಶಜರು ಇಲ್ಲಿ ಸ್ವತಂತ್ರರಾಗಿ ಬೆಳೆದರು. ಅವರ ಭದ್ರವಾದ ಕಲ್ಲಿನ ಕೋಟೆಯೂ 1779ರಲ್ಲಿ ಹೈದರಾಲಿಯ ವಶವಾಯಿತು. ಕೋಟೆಯ ರಕ್ಷಣೆಗೆ ಒಂದು ಮಿತಿಯುಂಟು.

ಹಾಗಾದರೆ ಕಾಲವನ್ನು ಗೆದ್ದು ನಿಂತುದು ಯಾವುದು? ಪ್ರೌಢದೇವರಾಯನ ಕಾಲದಲ್ಲಿ (1424–1446) ಚಾಮರಸನ ‘ಪ್ರಭುಲಿಂಗಲೀಲೆ’, ಲಕ್ಕಣ್ಣ ದಂಡೇಶನ ‘ಶಿವತತ್ತ್ವಚಿಂತಾಮಣಿ’ ರಚಿತವಾದವು. ವಚನಗಳ ಸಂಕಲನಕಾರ್ಯವೂ ನಡೆಯಿತು. ತಾಳೆಗರಿಯೂ ಮರದಂತೆ ಸುಡುವ ವಸ್ತುವೇ. ಆದರೂ ಈ ಕೃತಿಗಳು ನಾಶವಾಗಲಿಲ್ಲ. ರಾಜಧಾನಿಯ ಪ್ರಾಕಾರಗಳು ಅವುಗಳನ್ನು ಕಾಯಲಿಲ್ಲ. ಊರೂರಿನ ಮಠಗಳಲ್ಲಿ, ಭಕ್ತರ ಮನೆಗಳಲ್ಲಿ ಓಲೆಯಿಂದ ಓಲೆಗೆ ಪ್ರತಿ ಮಾಡಿದ ಅನಾಮಧೇಯ ಕೈಗಳು ಕಾದವು. ಮುಂದೆ ಫ. ಗು. ಹಳಕಟ್ಟಿಯವರು ಮನೆಮನೆಯ ಓಲೆಗಳನ್ನು ಅರಸಿ ಸಂಗ್ರಹಿಸಿ, 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ಪ್ರಕಟಿಸಿದರು. ಅವರು ನೆಲೆಸಿ ದುಡಿದುದು ವಿಜಾಪುರದಲ್ಲಿ; ವಿಜಯನಗರದ ಮೇಲೆ ದಂಡೆತ್ತಿದ ಸುಲ್ತಾನರಲ್ಲೊಬ್ಬನ ರಾಜಧಾನಿಯಲ್ಲಿ! ಚರಿತ್ರೆಯ ಈ ತಿರುವು ಮನನಯೋಗ್ಯ.

ದಾನಿಗಳ ಔದಾರ್ಯದಿಂದ ಶಾಲೆಗಳಿಗೆ ಕಟ್ಟಡಗಳು ಏಳುತ್ತವೆ; ಅದು ಸ್ತುತ್ಯವೇ. ಆದರೆ ಶಿಲಾಫಲಕಕ್ಕೆ ಸಲ್ಲುವ ದಾನದ ಒಂದಂಶ ಓಲೆಗೂ ಸಲ್ಲಬೇಕು. ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳ ಹಳೆಯ ಮನೆಗಳ ಅಟ್ಟದಲ್ಲಿ ಕಟ್ಟುಗಳಿದ್ದರೆ ಅವು ಗೆದ್ದಲಿನ ಪಾಲಾಗುವ ಮುನ್ನ ಹಳೆಯ ವಿದ್ಯಾರ್ಥಿಗಳು ಅವನ್ನು ಗುರುತಿಸಲಿ. ಅಧ್ಯಾಪಕರು ಹಳಗನ್ನಡದ ಲಿಪಿಯನ್ನೋದುವ ಅಭ್ಯಾಸವನ್ನು ಮಕ್ಕಳಿಗೆ ಮಾಡಿಸಲಿ. ಪ್ರತಿಯೊಂದರ ಛಾಯಾಪ್ರತಿಯೂ ಗಣಕಪ್ರತಿಯೂ ಒಂದೇ ಕಪಾಟಿನಲ್ಲಿರದೆ ಹಲವೆಡೆ ಇರಲಿ. ಗೆದ್ದಲಿನ ಕೆಲಸಕ್ಕೆ ಯುದ್ಧವೇ ಬೇಕಾಗಿಲ್ಲ, ಅಲಕ್ಷ್ಯವೊಂದೇ ಸಾಕು.